ಕಳಿಸಿದರೆ ಸಾಲದು, ತಲುಪಬೇಕು

ಬೇಸಗೆಯಲ್ಲಿ ಅಂಗಳದ ಚಾಪೆಯ ಮೇಲೆ ಒಣಗಿದ ಹಲಸಿನಕಾಯಿ ಹಪ್ಪಳ ಮಳೆಗಾಲದ ಹೊತ್ತಿಗೆ ಬೆಂಗಳೂರು, ಮುಂಬಯಿ, ಪುಣೆಗಳ ಅಡುಗೆಮನೆ ಸೇರುವುದು ಕಾಸರಗೋಡಿನ ಕನ್ನಡ ಮನೆಗಳಿಗೆ ಹೊಸ ಸಂಗತಿಯೇನಲ್ಲ. ಹಿಂದೆಲ್ಲ ಊರಿಗೆ ಬಂದು ಹೋಗುವ ನೆಂಟರ ಚೀಲದಲ್ಲಿ ಅದು ಪ್ರಯಾಣ ಮಾಡುತ್ತಿತ್ತು. ಈಗ ವಾಟ್ಸಪ್ಪಿನಲ್ಲಿ ಆರ್ಡರ್ ಬರುತ್ತದೆ, ಫೋನಿನಲ್ಲೇ ಹಣ ಬೀಳುತ್ತದೆ, ಕಟ್ಟು ಅಂಚೆ ಕಚೇರಿಗೋ ಕೊರಿಯರ್ ಅಂಗಡಿಗೋ ಹೋಗುತ್ತದೆ. ಹಪ್ಪಳದ ಜತೆಗೆ ಮಾಂಬಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿಪ್ಪೆಗೂ ಗಿರಾಕಿಗಳಿದ್ದಾರೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ ಕಡೆಯ ಗೃಹಿಣಿಯರಿಗೆ, ಕುಟುಂಬಶ್ರೀ ಗುಂಪುಗಳಿಗೆ ಇದು ಮನೆಯಲ್ಲೇ ಕೂತು ನಾಲ್ಕು ಕಾಸು ನೋಡುವ ದಾರಿ.

ಆದರೆ ಹಣ ಬಂದಷ್ಟು ಬೇಗ ಕಟ್ಟು ಹೋಗುವುದಿಲ್ಲ. ತಕರಾರು ಶುರುವಾಗುವುದೇ ಅಲ್ಲಿ. "ಹನ್ನೆರಡು ದಿನ ಆಯ್ತು ಅಕ್ಕಾ, ಹಪ್ಪಳ ಬರ್ಲೇ ಇಲ್ಲ" ಎಂದು ಆ ಕಡೆಯವರು. "ನಾನು ಕಳ್ಸಿ ಆಗಿದೆ ಮಾರಾಯ್ರೆ, ಇನ್ನು ಕೊರಿಯರಿನವರನ್ನೇ ಕೇಳಿ" ಎಂದು ಈ ಕಡೆಯವರು. ಕೊರಿಯರಿನವರನ್ನು ಕೇಳಿದರೆ ಪರದೆಯ ಮೇಲೆ 'ಡೆಲಿವರ್ಡ್' ಎಂದು ಕಾಣಿಸುತ್ತದೆ. ಯಾರ ಕೈಗೆ ಕೊಟ್ಟದ್ದು ಎಂಬುದಕ್ಕೆ ಮಾತ್ರ ಉತ್ತರವಿಲ್ಲ. ಕಡೆಗೆ ಕಟ್ಟು ಪೇಟೆಯ ಯಾವುದೋ ಅಂಗಡಿಯ ಮೂಲೆಯಲ್ಲಿ ಸಿಕ್ಕರೆ ಪುಣ್ಯ. ಸಿಗದೇ ಹೋದರೆ ಮಾರಿದವರಿಗೂ ಕೊಂಡವರಿಗೂ ಮಾತು ಬಿಟ್ಟುಹೋಗುತ್ತದೆ. ಇಂಥ ವ್ಯಾಪಾರ ನಡೆಯುವುದೇ ಗುರುತು ಪರಿಚಯದ ಮೇಲೆ. ಹಾಗಾಗಿ ಮುನ್ನೂರು ರೂಪಾಯಿಯ ಹಪ್ಪಳದಲ್ಲಿ ಒಂದು ಸಂಬಂಧವೂ ಹೋಗುತ್ತದೆ, ಅವರ ಮೂಲಕ ಬರಬಹುದಾಗಿದ್ದ ಹತ್ತು ಗಿರಾಕಿಗಳೂ ಹೋಗುತ್ತಾರೆ.

ಇಲ್ಲಿ ಒಂದು ಮಾತು ನೇರವಾಗಿಯೇ ಹೇಳಬೇಕು. ಮಾರುವವರ ಹೊಣೆ ಕೊರಿಯರ್ ರಶೀದಿ ಕೈಗೆ ಬಂದಲ್ಲಿಗೆ ಮುಗಿಯುವುದಿಲ್ಲ. ಕೊಂಡವರು ಹಣ ಕೊಟ್ಟದ್ದು ಹಪ್ಪಳ ಮನೆ ತಲುಪಲಿ ಎಂದು. ಕೊರಿಯರಿನವರನ್ನು ಆರಿಸಿದವರು ಮಾರಿದವರು, ಅವರಿಗೆ ಹಣ ಕಟ್ಟಿದವರೂ ಮಾರಿದವರು. ಆದ್ದರಿಂದ ಕಟ್ಟು ಎಲ್ಲಿದೆ ಎಂದು ವಿಚಾರಿಸಬೇಕಾದವರೂ ಅವರೇ. "ಅವರನ್ನೇ ಕೇಳಿ" ಎಂದು ಕೈ ತೊಳೆದುಕೊಂಡರೆ ದೂರದ ಗಿರಾಕಿ ಯಾರನ್ನು ಕೇಳಬೇಕು?

ಕಾನೂನು ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈಯಲ್ಲಿ ಇ-ವಾಣಿಜ್ಯ ನಿಯಮಗಳು ಜಾರಿಗೆ ಬಂದವು. ಮಾರಾಟ ತಾಣಗಳಲ್ಲಿ ಸರಕು ಮಾರುವವರು ಹೇಳಿದ ದಿನಕ್ಕಿಂತ ತಡವಾಗಿ ಸರಕು ತಲುಪಿಸಿದರೆ ಅದನ್ನು ಹಿಂದೆ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ನೆರೆಯಂಥ ಕೈಮೀರಿದ ಕಾರಣಗಳಿಗೆ ಮಾತ್ರ ವಿನಾಯಿತಿ ಇದೆ. ದೂರು ಬಂದರೆ 48 ಗಂಟೆಯೊಳಗೆ ಅದು ಮುಟ್ಟಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೊಡ್ಡ ತಾಣಗಳ ಮಾರಾಟಗಾರರನ್ನು ಕಣ್ಣಮುಂದಿಟ್ಟು ಬರೆದ ನಿಯಮ ಇದಾದರೂ ಮನೆಯಿಂದ ಮಾರುವವರಿಗೂ ಅದೇ ಒಳ್ಳೆಯ ಅಳತೆಗೋಲು. ಎರಡು ದಿನದೊಳಗೆ ಉತ್ತರ ಕೊಡುವುದು ಯಾರಿಗೂ ಕಷ್ಟದ ಕೆಲಸವಲ್ಲ. ಸಂದೇಶ ಓದಿಯೂ ಸುಮ್ಮನಿರುವುದೇ ಗಿರಾಕಿಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಗಡಿನಾಡಿಗೆ ಇದರಲ್ಲಿ ಅದರದ್ದೇ ಆದ ತೊಡಕೂ ಇದೆ. ಮಂಜೇಶ್ವರಕ್ಕೂ ಮಂಗಳೂರಿಗೂ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ಆದರೆ 1972ರಲ್ಲಿ ಬಂದ ಪಿನ್ ಕೋಡಿನ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ವಲಯ. ಕೇರಳ, ತಮಿಳುನಾಡಿಗೆ ಮೊದಲ ಅಂಕಿ 6, ಕರ್ನಾಟಕಕ್ಕೆ 5. ತಲಪಾಡಿಯ ಈಚೆಗೆ 671, ಆಚೆಗೆ 574, 575. ಸಂಖ್ಯೆ ನೋಡಿ ವಿಂಗಡಿಸುವವರಿಗೆ ಊರಿನ ಭಾಷೆಯೂ ಕಾಣುವುದಿಲ್ಲ, ಹತ್ತಿರದ ದಾರಿಯೂ ಕಾಣುವುದಿಲ್ಲ. ಹತ್ತಿರದ ಊರಿಗೆ ಹೋಗಬೇಕಾದ ಕಟ್ಟು ಸುತ್ತು ಬಳಸಿ ಹೋಗುವುದುಂಟು. ಇನ್ನು ವಿಳಾಸ ನೋಡಿದರೆ ಅದು ಬರೀ ಮನೆ ಹೆಸರು. ಊರಿನ ಪೋಸ್ಟ್‌ಮ್ಯಾನ್ ಆದರೆ ಕಣ್ಣು ಮುಚ್ಚಿ ತಲುಪಿಸಿಯಾರು. ಫೋನಿನ ನಕ್ಷೆ ನೋಡುತ್ತಾ ಬೈಕಿನಲ್ಲಿ ಬರುವ ಹೊಸ ಹುಡುಗನಿಗೆ ಕುಂಬಳೆ ಎಂದು ಬರೆದದ್ದೂ ಕುಂಬಳ ಎಂದು ಬರೆದದ್ದೂ ಒಂದೇ ಊರೆಂದು ಹೇಗೆ ಗೊತ್ತಾಗಬೇಕು? ಅವನು ಪೇಟೆಯ ಅಂಗಡಿಯಲ್ಲಿ ಕಟ್ಟು ಇಟ್ಟು, ಫೋನಿನಲ್ಲಿ 'ತಲುಪಿದೆ' ಎಂದು ಒತ್ತಿ ಹೋಗುತ್ತಾನೆ.

ಇದಕ್ಕೆಲ್ಲ ಮದ್ದು ಇಲ್ಲದಿಲ್ಲ. ಮೊದಲನೆಯದು, ದಿನ ಹೇಳುವಾಗ ಸತ್ಯ ಹೇಳುವುದು. ಆರ್ಡರ್ ತಪ್ಪಿಹೋದೀತೆಂದು "ಮೂರೇ ದಿನ, ಬಂದುಬಿಡ್ತದೆ" ಎನ್ನುವವರೇ ಹೆಚ್ಚು. ಹಪ್ಪಳ ಇನ್ನೂ ಚಾಪೆಯ ಮೇಲಿರುವಾಗ ಮೂರು ದಿನದ ಮಾತು ಕೊಟ್ಟರೆ ನಡೆದೀತೇ? ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನ ಲಾರಿ ಎಲ್ಲೆಲ್ಲೋ ಸುತ್ತಿ ಹೋಗಬೇಕು. ಹತ್ತು ದಿನ ಎಂದು ಹೇಳಿ ಏಳನೇ ದಿನಕ್ಕೆ ತಲುಪಿದರೆ ಗಿರಾಕಿಗೆ ಖುಷಿ. ಮೂರು ದಿನ ಎಂದು ಹೇಳಿ ಅದೇ ಏಳನೇ ದಿನಕ್ಕೆ ತಲುಪಿದರೆ ದೂರು. ತಡವಾಗುವುದು ಖಚಿತವಾದರೆ ಅವರು ಕೇಳುವ ಮೊದಲೇ ಫೋನ್ ಮಾಡಿ ಹೇಳಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು, ಲೆಕ್ಕ ಇಟ್ಟುಕೊಳ್ಳುವುದು. ಕಟ್ಟುವ ಮೊದಲೊಂದು, ವಿಳಾಸ ಅಂಟಿಸಿದ ಮೇಲೊಂದು ಫೋಟೊ ತೆಗೆಯಬೇಕು. ಪಿನ್ ಕೋಡನ್ನೂ ಫೋನ್ ನಂಬರನ್ನೂ ದೊಡ್ಡ ಅಂಕಿಗಳಲ್ಲಿ ಬರೆಯಬೇಕು, ಹತ್ತಿರದ ಶಾಲೆಯನ್ನೋ ದೇವಸ್ಥಾನವನ್ನೋ ಮಸೀದಿಯನ್ನೋ ಗುರುತಿಗೆ ಸೇರಿಸಬೇಕು. ರಶೀದಿಯಲ್ಲಿ ತೂಕ ಸರಿಯಾಗಿದೆಯೇ ನೋಡಿಕೊಳ್ಳಬೇಕು. ಎರಡು ಕಿಲೋ ಕಳಿಸಿದ್ದೇವೆ ಎನ್ನುವುದಕ್ಕೆ ಆ ತೂಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಸ್ಪೀಡ್ ಪೋಸ್ಟಿನಲ್ಲಾದರೆ ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆ ಎರಡು ಅಕ್ಷರಗಳ ಸಂಖ್ಯೆ ಸಿಗುತ್ತದೆ. ಅದನ್ನು ಅಂದೇ ಗಿರಾಕಿಗೆ ಕಳಿಸಬೇಕು. ರಶೀದಿಯನ್ನು ಡಬ್ಬದಲ್ಲಿ ಹಾಕಿ ಮರೆತುಬಿಟ್ಟರೆ ತಕರಾರಿನ ದಿನ ಅದು ಕೈಗೇ ಸಿಗುವುದಿಲ್ಲ.

ತಲುಪಿದ್ದಕ್ಕೆ ಗಟ್ಟಿ ಸಾಕ್ಷಿ ಬೇಕೆನ್ನುವವರಿಗೆ ಅಂಚೆ ಇಲಾಖೆಯಲ್ಲೇ ದಾರಿ ಇದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಜತೆ ಸೇರಿಸಲಾಯಿತು. ಆ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದ ದರಗಳ ಪ್ರಕಾರ ಸ್ಪೀಡ್ ಪೋಸ್ಟಿಗೆ ಐದು ರೂಪಾಯಿ ಮತ್ತು ಜಿಎಸ್‌ಟಿ ಹೆಚ್ಚಿಗೆ ಕೊಟ್ಟರೆ ವಿಳಾಸದಾರರ ಅಥವಾ ಅವರು ಒಪ್ಪಿಸಿದವರ ಕೈಗೇ ತಲುಪಿಸುವ ನೋಂದಣಿ ಸೌಲಭ್ಯ ಸಿಗುತ್ತದೆ. ಅಷ್ಟೇ ದರಕ್ಕೆ ಒಟಿಪಿ ಪಡೆದ ಮೇಲಷ್ಟೇ ಕಟ್ಟು ಕೊಡುವ ಸೌಲಭ್ಯವೂ ಇದೆ. ಒಂದು ಚಹಾದ ಹಣಕ್ಕೆ ಸಿಗುವ ಈ ಸಾಕ್ಷಿಯನ್ನು ಬಿಟ್ಟು ಆಮೇಲೆ ವಾರಗಟ್ಟಲೆ ವಾದ ಮಾಡುವುದರಲ್ಲಿ ಅರ್ಥವಿಲ್ಲ.

ಕೊಳ್ಳುವವರಿಗೂ ಧರ್ಮ ಇದೆ. ಮನೆಯಲ್ಲಿ ಹಪ್ಪಳ ಒತ್ತುವ ಹೆಂಗಸಿನ ಬಳಿ ದೊಡ್ಡ ಕಂಪನಿಯ ಗೋದಾಮೂ ಇಲ್ಲ, ನೂರು ಜನ ನೌಕರರೂ ಇಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ರೋಗಿಗಳೇ ಮಂಗಳೂರಿಗೆ ಹೋಗಲಾರದೆ ಪರದಾಡಿದ್ದನ್ನು ಇಲ್ಲಿನವರು ಮರೆತಿಲ್ಲ. ಕೈಮೀರಿದ ಕಾರಣ ಯಾವುದು, ಸೋಮಾರಿತನ ಯಾವುದು ಎಂದು ಗುರುತಿಸುವ ತಾಳ್ಮೆ ಬೇಕು. ತಲುಪಿದ ಕಟ್ಟನ್ನು ತಲುಪಿಲ್ಲ ಎಂದು ಹೇಳಿ ಹಣ ವಾಪಸು ಕೇಳುವವರೂ ಇಲ್ಲದಿಲ್ಲ. ಕಟ್ಟು ಬಿಚ್ಚುವಾಗ ಫೋನಿನಲ್ಲಿ ಚಿತ್ರಿಸಿಕೊಂಡರೆ ಒಳಗಿದ್ದ ಹಪ್ಪಳ ಪುಡಿಯಾಗಿತ್ತು ಎಂಬ ಮಾತಿಗೂ ಆಧಾರ ಸಿಗುತ್ತದೆ. ಕಟ್ಟು ಕಣ್ಣಿಗೆ ಕಾಣುವ ಮೊದಲು ಒಟಿಪಿ ಹೇಳಬಾರದು. "ನಿಮ್ಮ ಪಾರ್ಸೆಲ್ ನಿಂತಿದೆ, ವಿಳಾಸ ಸರಿಪಡಿಸಲು ಹಣ ಕಟ್ಟಿ" ಎಂದು ಬರುವ ಕೊಂಡಿಗಳನ್ನು ಒತ್ತಲೇಬಾರದು. ಕಾಯುತ್ತಿರುವವರ ಆತುರವೇ ಅಂಥ ಮೋಸಗಾರರ ಬಂಡವಾಳ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಮಾತಿನಲ್ಲಿ ಮುಗಿಯದ ತಕರಾರಿಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಗಡಿನಾಡಿನವರು ಇಲ್ಲೊಂದು ವಿಷಯ ತಿಳಿದಿರಬೇಕು. ಮಾರಿದವರು ಬೆಂಗಳೂರಿನಲ್ಲಿರಲಿ, ದಿಲ್ಲಿಯಲ್ಲಿರಲಿ, ಕೊಂಡವರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು 2019ರ ಕಾಯ್ದೆ ಹೇಳುತ್ತದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ. ರಾಜ್ಯ ಬೇರೆ ಎಂದು ಸುಮ್ಮನಾಗಬೇಕಿಲ್ಲ. ಇದೇ ಮಾತು ತಿರುಗಿಯೂ ಅನ್ವಯಿಸುತ್ತದೆ. ಬೆಂಗಳೂರಿನ ಗಿರಾಕಿ ಅಲ್ಲೇ ದೂರು ಕೊಟ್ಟರೆ ಪೆರ್ಲದ ಮಾರಾಟಗಾರರು ಅಲ್ಲಿಗೆ ಉತ್ತರಿಸಬೇಕಾಗುತ್ತದೆ. ಆಗ ಡಬ್ಬದಲ್ಲಿ ಮರೆತ ಆ ಒಂದು ರಶೀದಿಯ ಬೆಲೆ ತಿಳಿಯುತ್ತದೆ.

ಕೆಲಸ ಆಗಬೇಕಾದದ್ದು ಪಂಚಾಯತ್ ಮಟ್ಟದಲ್ಲಿ. ಹಪ್ಪಳ, ಉಪ್ಪಿನಕಾಯಿ ಮಾಡುವ ತರಬೇತಿ ಬೇಕಾದಷ್ಟು ನಡೆದಿದೆ. ಹಪ್ಪಳ ಒತ್ತುವುದನ್ನು ಇಲ್ಲಿನ ಹೆಂಗಸರಿಗೆ ಯಾರೂ ಕಲಿಸಬೇಕಾಗಿಯೂ ಇಲ್ಲ. ಕಲಿಸಬೇಕಾದದ್ದು ಕಟ್ಟುವುದು, ಕಳಿಸುವುದು, ರಶೀದಿ ಇಡುವುದು, ದೂರಿಗೆ ಉತ್ತರ ಬರೆಯುವುದು. ಕುಟುಂಬಶ್ರೀ ಘಟಕಗಳು ಊರಿನ ಅಂಚೆ ಸಿಬ್ಬಂದಿಯನ್ನು ಕರೆಸಿ ಅರ್ಧ ದಿನ ಕನ್ನಡದಲ್ಲೇ ಇದನ್ನು ಹೇಳಿಕೊಡಿಸಿದರೆ ಸಾಕು. ನಾಲ್ಕು ಮನೆಯವರು ಸೇರಿ ವಾರಕ್ಕೆ ಎರಡು ದಿನ ಒಟ್ಟಿಗೆ ಪಾರ್ಸೆಲ್ ಕಳಿಸಿದರೆ ಪೇಟೆಗೆ ಹೋಗಿ ಬರುವ ಖರ್ಚೂ ಉಳಿಯುತ್ತದೆ, ಇಂಥ ದಿನ ಹೊರಡುತ್ತದೆ ಎಂದು ಗಿರಾಕಿಗೆ ಗಟ್ಟಿಯಾಗಿ ಹೇಳಲೂ ಬರುತ್ತದೆ.

ಊರು ಬಿಟ್ಟು ದೂರ ಹೋದವರು ಈ ಹಪ್ಪಳಕ್ಕೆ ಕಾಯುವುದು ಬರೀ ರುಚಿಗಾಗಿ ಅಲ್ಲ. ಆ ಕಟ್ಟಿನಲ್ಲಿ ಅವರಿಗೆ ಊರೂ ಇರುತ್ತದೆ. ಆ ಪ್ರೀತಿಯಿಂದಲೇ ಅವರು ಅಂಗಡಿಯಲ್ಲಿ ಸಿಗುವುದನ್ನು ಬಿಟ್ಟು ಇಲ್ಲಿಗೆ ಹಣ ಕಳಿಸುತ್ತಾರೆ. "ಬಂತು ಅಕ್ಕಾ, ಒಂದೂ ಒಡೆದಿಲ್ಲ" ಎಂದು ಅವರಿಂದ ಫೋನ್ ಬಂದ ಮೇಲಷ್ಟೇ ಆ ವ್ಯಾಪಾರ ಮುಗಿದಂತೆ.