ಜಾಮೀನು ಯಾರು?



ದೀಪಾವಳಿಗೆ ಮುಂಚೆ, ಅಂಗಡಿಯಲ್ಲಿ ಗಿರಾಕಿಗಳ ಗದ್ದಲವಿದ್ದ ಹೊತ್ತಿನಲ್ಲಿ, ಒಬ್ಬ ಹುಡುಗ ನಮ್ಮ ಗಾದಿಯ ಮುಂದೆ ಬಂದು ನಿಂತ. "ಸಾವುಕಾರ್ರ, ಏನರ ಕೆಲಸ ಇದ್ರ ಕೊಡ್ರಿ" ಎಂದ. ಬಟ್ಟೆ ಶುಭ್ರವಾಗಿತ್ತು, ಮಾತು ನಯವಾಗಿತ್ತು. ಗುರುತಿನ ಕಾಗದ ಕೇಳಿದೆವು. ಆಧಾರ್ ಕಾರ್ಡಿನಲ್ಲಿ ವಿಳಾಸದ ಜಾಗದಲ್ಲಿ ಒಂದು ಬಾಲಗೃಹದ ಹೆಸರಿತ್ತು. "ರಿಮಾಂಡ್ ಹೋಮಿನವ ಇದ್ದಾನ್ರಿ" ಎಂದು ನಮ್ಮ ದಿವಾಣಜಿಯವರು ಮೆಲ್ಲಗೆ ಹೇಳಿದರು. "ನಿನಗ ಜಾಮೀನು ಯಾರಪಾ?" ಎಂದು ಕೇಳಿದೆವು. "ಯಾರೂ ಇಲ್ರಿ" ಎಂದ. ಹಬ್ಬ ಮುಗಿದ ಮೇಲೆ ಬಾ ಎಂದು ಕಳಿಸಿಬಿಟ್ಟೆವು. ಅವನು ಮತ್ತೆ ಬರಲಿಲ್ಲ.

ಅವನು ಯಾವ ಅಪರಾಧವನ್ನೂ ಮಾಡಿದವನಲ್ಲ, ತಂದೆತಾಯಿ ಇಲ್ಲದ್ದಕ್ಕೆ ಅಲ್ಲಿ ಬೆಳೆದವನು ಎಂಬುದು ನಮಗೆ ಆಮೇಲೆ ತಿಳಿಯಿತು. ನಮ್ಮ ಸೊಲ್ಲಾಪುರದ ಕಡೆ ಅನಾಥ ಮಗು ಇರುವ ಮನೆಗೂ ಕಳವು ಮಾಡಿದ ಮಗುವನ್ನು ಇಡುವ ಮನೆಗೂ ಜನರ ಬಾಯಲ್ಲಿ ಒಂದೇ ಹೆಸರು. ಆ ಹೆಸರನ್ನು ನಾವೂ ನಂಬಿದೆವಲ್ಲ ಎಂಬ ಕೊರಗು ಹೋಗಲಿಲ್ಲ. ಇಂಥ ಮಕ್ಕಳು ದೊಡ್ಡವರಾದ ಮೇಲೆ ಏನಾಗುತ್ತಾರೆ ಎಂದು ಹುಡುಕಿ ಓದತೊಡಗಿದೆವು. ಇದರ ಲೆಕ್ಕವನ್ನು ಬರೆದಿಟ್ಟವರಲ್ಲಿ ಇಂಗ್ಲೆಂಡಿನವರು ಮುಂದು.

ಅಲ್ಲಿ ಯಾವುದೇ ಒಂದು ಕಾಲಕ್ಕೆ ಸರಕಾರದ ಪಾಲನೆಯಲ್ಲಿರುವ ಮಕ್ಕಳು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶಿಕ್ಷೆಯಾಗಿ ಹೊಸದಾಗಿ ಸೆರೆಮನೆಗೆ ಬಂದ ವಯಸ್ಕರನ್ನು ವಿಚಾರಿಸಿದಾಗ, ಶೇಕಡಾ 24 ಮಂದಿ ತಾವು ಚಿಕ್ಕಂದಿನಲ್ಲಿ ಯಾವಾಗಲಾದರೂ ಇಂಥ ಪಾಲನೆಯಲ್ಲಿದ್ದವರು ಎಂದರು. ಅಲ್ಲಿನ ನ್ಯಾಯ ಸಚಿವಾಲಯವೇ 2012ರಲ್ಲಿ ಪ್ರಕಟಿಸಿದ ಅಂಕಿ ಇದು. ಒಂದು ಹೊಲದಿಂದ ಬಂದದ್ದು ನೂರರಲ್ಲಿ ಒಂದೆರಡು ಚೀಲ, ಕೆಟ್ಟ ಮಾಲಿನಲ್ಲಿ ಮಾತ್ರ ಕಾಲು ಭಾಗ ಅದೇ ಹೊಲದ್ದು ಎಂದರೆ, ನಾವು ವ್ಯಾಪಾರಸ್ಥರು ಕಾಳನ್ನು ಬೈಯುತ್ತೇವೆಯೋ, ಇಟ್ಟ ಗೋದಾಮಿನ ಬಾಗಿಲು ತೆಗೆದು ನೋಡುತ್ತೇವೆಯೋ? (ಮಕ್ಕಳನ್ನು ಚೀಲಕ್ಕೆ ಹೋಲಿಸಿದ್ದಕ್ಕೆ ಕ್ಷಮೆ ಇರಲಿ.)

ಅಲ್ಲಿಯವರು ಬಾಗಿಲು ತೆಗೆದು ನೋಡಿದರು. 2016ರಲ್ಲಿ ಲಾರ್ಡ್ ಲ್ಯಾಮಿಂಗ್ ಅವರ ಸಮಿತಿ ವರದಿ ಕೊಟ್ಟಿತು. ಇಂಥ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಹೊಡೆತ, ಹಿಂಸೆ, ಅಲಕ್ಷ್ಯ ಕಂಡು ಬಂದವರು. ಅಷ್ಟಾದರೂ ಶೇಕಡಾ 94 ಮಕ್ಕಳು ಪೊಲೀಸರ ಗೊಡವೆಗೆ ಸಿಕ್ಕುವುದೇ ಇಲ್ಲ. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು, ಇಲ್ಲವಾದರೆ ನಮ್ಮ ಈ ಬರಹವೇ ಇನ್ನೊಬ್ಬ ಹುಡುಗನನ್ನು ಗಾದಿಯಿಂದ ಹಿಂದಕ್ಕೆ ಕಳಿಸೀತು.

ಸಿಕ್ಕಿಬೀಳುವವರು ಹೇಗೆ ಸಿಕ್ಕುತ್ತಾರೆ ಎಂಬುದೇ ನಮ್ಮನ್ನು ಹೆಚ್ಚು ಕಾಡಿದ ಸಂಗತಿ. ಹೋದ ವರ್ಷ ನಮ್ಮ ಮೊಮ್ಮಗ ಸಿಟ್ಟಿನಿಂದ ಕಪಾಟಿನ ಗಾಜು ಒಡೆದ. ಅವನ ಅಜ್ಜಿ ಎರಡು ಮಾತು ಬೈದರು, ಗಾಜು ಗುಡಿಸಿದರು, ರಾತ್ರಿ ತಾವೇ ತುತ್ತು ಮಾಡಿ ಉಣಿಸಿದರು. ಮುಗಿಯಿತು. ಅದೇ ಗಾಜನ್ನು ಅಲ್ಲಿಯ ಬಾಲಗೃಹದ ಹುಡುಗ ಒಡೆದರೆ, ಪಾಳಿಯ ಮೇಲೆ ಬಂದ ಕೆಲಸಗಾರ ಪೊಲೀಸರಿಗೆ ಫೋನು ಮಾಡುವುದುಂಟು. ಒಂದು ಕಪ್ಪು ಒಡೆದದ್ದು, ಬಾಗಿಲಿಗೆ ಒದ್ದದ್ದು ಕೂಡ ಠಾಣೆಯ ದಾಖಲೆಯಲ್ಲಿ ಸೇರುತ್ತದೆ. ಕೆಲಸಗಾರನದೂ ಪೂರ್ಣ ತಪ್ಪೆನ್ನಲಾಗದು, ನಾಳೆ ಅವನು ಮೇಲಿನವರಿಗೆ ಉತ್ತರ ಹೇಳಬೇಕು. ಅಜ್ಜಿ ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಹೀಗೆ ಕರೆಯಬೇಡಿ ಎಂದು ಅಲ್ಲಿಯ ಸರಕಾರ 2018ರ ನವೆಂಬರಿನಲ್ಲಿ ಪೊಲೀಸರಿಗೂ ಬಾಲಗೃಹಗಳಿಗೂ ಒಂದು ನಡಾವಳಿಯನ್ನೇ ಬರೆದುಕೊಡಬೇಕಾಯಿತು.

ನ್ಯೂಜಿಲೆಂಡಿನ ಕಥೆ ಇನ್ನೂ ಕಠಿಣ. 1950ರಿಂದ 1999ರ ನಡುವೆ ಸರಕಾರಿ ಗೃಹಗಳಲ್ಲಿದ್ದ ಮಕ್ಕಳಲ್ಲಿ ಐವರಲ್ಲಿ ಒಬ್ಬರು, ಕೆಲವು ವರ್ಗದಲ್ಲಿ ಮೂವರಲ್ಲಿ ಒಬ್ಬರು, ಮುಂದೆ ಜೈಲು ಕಂಡರೆಂದು ಅಲ್ಲಿಯ ವಿಚಾರಣಾ ಆಯೋಗ ಹೇಳಿತು. ಊರೂರಿನ ಗೂಂಡಾ ಗುಂಪುಗಳ ಗೆಳೆತನ ಹುಟ್ಟಿದ್ದೇ ಆ ಗೃಹಗಳಲ್ಲಿ. 2024ರ ನವೆಂಬರ್ 12ರಂದು ಪ್ರಧಾನಿ ಲಕ್ಸನ್ ಅವರು ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಕೇಳಿದರು.

ಎರಡನೆಯ ಪೆಟ್ಟು ಬೀಳುವುದು ಹದಿನೆಂಟು ತುಂಬಿದಾಗ. ನಮ್ಮಲ್ಲಿ ಬಹಳ ಮಂದಿ ಬೋರ್ಡಿಂಗಿನಲ್ಲಿ ಓದಿದವರೇ. ಅಲ್ಲಿಯೂ ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ನಿದ್ದೆ. ಆದರೆ ಸೂಟಿ ಬಂತೆಂದರೆ ಟ್ರಂಕು ಎತ್ತಿಕೊಂಡು ಊರಿಗೆ ಓಡುತ್ತಿದ್ದೆವು, ಓದು ಮುಗಿದ ಮೇಲೂ ಮನೆಗೇ ಬಂದೆವು. ಇಪ್ಪತ್ತೈದಕ್ಕೆ ಅಂಗಡಿ ಹಾಕಿದೆವು, ಮೊದಲ ವರ್ಷದ ನಷ್ಟವನ್ನು ತಂದೆಯವರು ತಮ್ಮ ಖಾತೆಗೆ ಬರೆದುಕೊಂಡರು. ಬಾಲಗೃಹದ ಹುಡುಗನಿಗೆ ಆ ಖಾತೆ ಎಲ್ಲಿದೆ? ಇಂಗ್ಲೆಂಡಿನಲ್ಲಿ ಸಾಕುಮನೆಯಲ್ಲಿದ್ದವರು ಇಪ್ಪತ್ತೊಂದರವರೆಗೆ ಅಲ್ಲಿಯೇ ಉಳಿಯಬಹುದೆಂದು 2014ರಲ್ಲಿ ಕಾಯಿದೆ ಬಂತು. ಬಾಲಗೃಹದಲ್ಲಿದ್ದವರಿಗೆ ಅದು ಅನ್ವಯಿಸಲಿಲ್ಲ.

ನಮ್ಮ ದೇಶದಲ್ಲಿಯೂ ಕಾಯಿದೆ ಇದೆ. 2015ರ ಬಾಲನ್ಯಾಯ ಕಾಯಿದೆಯ 46ನೆಯ ಕಲಮು ಹದಿನೆಂಟು ತುಂಬಿ ಹೊರಬೀಳುವವರಿಗೆ ಹಣದ ನೆರವು ಕೊಡಬಹುದೆನ್ನುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಯ ಏರ್ಪಾಡಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಮಹಾರಾಷ್ಟ್ರದಲ್ಲಿ 2018ರಿಂದ ಅನಾಥರಿಗೆ ಶಿಕ್ಷಣದಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಶೇಕಡಾ 1 ಮೀಸಲಾತಿ ಇದೆ, ಅದಕ್ಕೆ ಅನಾಥ ಪ್ರಮಾಣಪತ್ರ ಬೇಕು. ಆದರೆ ಕೆಲಸ ಕೇಳಲು ಬಂದವನ ಬೆನ್ನಿಗೆ ನಿಂತು "ಇವ ನಮ್ಮವ" ಎನ್ನುವ ಮನುಷ್ಯನನ್ನು ಯಾವ ಕಲಮೂ ತಂದುಕೊಡಲಾರದು.

ಹಬ್ಬದ ನಂತರ ನಾವೇ ಆ ಬಾಲಗೃಹಕ್ಕೆ ಹೋದೆವು. ಹುಡುಗ ಪುಣೆಗೆ ಹೋದನಂತೆ, ಫೋನು ಹತ್ತುತ್ತಿಲ್ಲ. ಮಾರ್ಚ್ ಹೊತ್ತಿಗೆ ಇನ್ನಿಬ್ಬರಿಗೆ ಹದಿನೆಂಟು ತುಂಬುತ್ತದೆ ಎಂದು ಅಲ್ಲಿಯ ಅಧಿಕಾರಿ ಹೇಳಿದರು. ಒಬ್ಬನನ್ನು ನಾವು ಅಂಗಡಿಗೆ ಬರಹೇಳಿದ್ದೇವೆ. ಜಾಮೀನಿನ ಜಾಗದಲ್ಲಿ ಏನು ಬರೆಯಲಿ ಎಂದು ದಿವಾಣಜಿಯವರು ಕೇಳಿದರು, ನಮ್ಮ ಹೆಸರು ಬರೆಯಲು ಹೇಳಿದೆವು. ಇನ್ನೊಬ್ಬ ಐ.ಟಿ.ಐ.ಯಲ್ಲಿ ವೈರ್‌ಮನ್ ಕೆಲಸ ಕಲಿಯುತ್ತಿದ್ದಾನೆ. ಓದುಗರಲ್ಲಿ ಯಾರಿಗಾದರೂ ಅಂಥವನು ಬೇಕಿದ್ದರೆ, ರಾತ್ರಿ ಮಲಗಲು ಜಾಗವನ್ನೂ ಕೊಡಬಲ್ಲವರಾದರೆ, ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.