ಬಾಣಂತನ ಮುಗಿಸಿ ಬಂದವಳ ಕೆಲಸ ಅವಳದೇ

ಹೆರಿಗೆ ರಜೆಯ ಮಾತು ಬಂದರೆ ನಮ್ಮ ಚರ್ಚೆಯೆಲ್ಲ 26 ವಾರಗಳ ಸುತ್ತಲೇ ಸುತ್ತುತ್ತದೆ. ರಜೆ ಮುಗಿಸಿ ಬಂದ ದಿನ ಆ ಹೆಂಗಸಿಗೆ ಯಾವ ಕೆಲಸ ಸಿಕ್ಕಿತು ಎಂದು ಕೇಳುವವರು ಕಡಿಮೆ. ಮೊದಲಿನ ಕೆಲಸ, ಮೊದಲಿನ ದರ್ಜೆ, ಮೊದಲಿನ ಸಂಬಳ ಅವಳಿಗಾಗಿ ಉಳಿದಿರಬೇಕು ಎಂಬುದು ನನ್ನ ನಿಲುವು. ಇದನ್ನು ಹೇಳಿದಾಗಲೆಲ್ಲ ಮಾಲೀಕರಿಂದ, ಕೆಲವೊಮ್ಮೆ ಸಹೋದ್ಯೋಗಿಗಳಿಂದಲೂ, ಅವೇ ಆರು ಆಕ್ಷೇಪಗಳು ಬರುತ್ತವೆ. ಎಲ್ಲವೂ ಹುರುಳಿಲ್ಲದವಲ್ಲ. ಆದ್ದರಿಂದಲೇ ಒಂದೊಂದಕ್ಕೂ ಉತ್ತರ ಕೊಡಬೇಕು.

ಒಂದು: ರಜೆ ಕೊಟ್ಟೆವು, ಸಂಬಳವನ್ನೂ ಕೊಟ್ಟೆವು. ಅದೇ ಹುದ್ದೆಯನ್ನು ಕಾಯ್ದಿಡಿ ಎಂದು ಕಾನೂನು ಎಲ್ಲಿ ಹೇಳಿದೆ?

1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಕಲಮನ್ನು ಓದಿ. ಹೆರಿಗೆಗಾಗಿ ಗೈರಾದವಳನ್ನು ಆ ಅವಧಿಯಲ್ಲಿ ಅಥವಾ ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ ಎಂದು ಅದು ಹೇಳುತ್ತದೆ. ಅವಳ ಸೇವಾ ಷರತ್ತುಗಳನ್ನು ಅವಳಿಗೆ ನಷ್ಟವಾಗುವಂತೆ ಬದಲಿಸುವುದೂ ಕಾನೂನುಬಾಹಿರ. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ರಕ್ಷಣೆಯನ್ನು ಉಳಿಸಿಕೊಂಡಿದೆ. ರಜೆಗೆ ಮುಂಚೆ ಟೈಲರ್ ಆಗಿದ್ದವಳನ್ನು ಹೆಲ್ಪರ್ ಮಾಡುವುದು, ತಂಡ ನಡೆಸುತ್ತಿದ್ದವಳನ್ನು ತಿಂಗಳುಗಟ್ಟಲೆ ಬೆಂಚಿನಲ್ಲಿ ಕೂರಿಸುವುದು ನಷ್ಟವಲ್ಲದೆ ಇನ್ನೇನು?

‘ಅದೇ ಹುದ್ದೆ’ ಎಂಬ ಮಾತು ನಮ್ಮ ಕಾನೂನಿನಲ್ಲಿ ಬಿಡಿಸಿ ಬರೆದಿಲ್ಲ, ನಿಜ. ಮರಳಿ ಬಂದ ಮೇಲೆ ಮಾಡಿದ ಬದಲಾವಣೆಗೂ ರಜೆಗೂ ಸಂಬಂಧವಿಲ್ಲ ಎಂದು ಆಡಳಿತ ವರ್ಗ ಜಾರಿಕೊಳ್ಳುವುದು ಈ ಸಂದಿಯಲ್ಲೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಡಂಬಡಿಕೆಯಲ್ಲಿ ಈ ಸಂದಿಯಿಲ್ಲ. ರಜೆ ಮುಗಿದ ಮೇಲೆ ಅದೇ ಹುದ್ದೆಗೆ, ಇಲ್ಲವೇ ಅಷ್ಟೇ ಸಂಬಳದ ಸರಿಸಮಾನ ಹುದ್ದೆಗೆ ಮರಳುವ ಹಕ್ಕನ್ನು ಅದು ನೇರವಾಗಿ ಕೊಡುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಕಾನೂನಿನಲ್ಲಿ ಬಿಟ್ಟುಹೋದದ್ದನ್ನು ತುಂಬಬೇಕು. ಬಿಟ್ಟುಹೋಗಿದೆ ಎಂಬುದನ್ನೇ ಅನ್ಯಾಯಕ್ಕೆ ಪರವಾನಗಿ ಮಾಡಿಕೊಳ್ಳಬಾರದು.

ಎರಡು: ಖರ್ಚು ತಡೆಯಲಾಗದು. ಹೀಗೇ ಆದರೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವವರೇ ಇರುವುದಿಲ್ಲ.

ಆರು ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದು. ಆದರೆ ಖರ್ಚು ಯಾರದೆಂದು ಮೊದಲು ನೋಡೋಣ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇಎಸ್ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಮಿಕರಲ್ಲಿ ಬಹುಪಾಲು ಈ ಲೆಕ್ಕದವರು. ಅವರ ಹೆರಿಗೆ ರಜೆಯ ಹಣ ಬರುವುದು ಇಎಸ್ಐ ನಿಗಮದಿಂದ. ಮಾಲೀಕ ಕಟ್ಟುವ ವಂತಿಗೆ ಸಂಬಳದ ಶೇ 3.25; ಕಾರ್ಮಿಕ ಗಂಡಾಗಲಿ ಹೆಣ್ಣಾಗಲಿ ಅದು ಅಷ್ಟೇ. ಈ ಮಾಲೀಕರ ಬಾಯಲ್ಲಿ ಖರ್ಚಿನ ವಾದ ನಿಲ್ಲುವುದಿಲ್ಲ.

ಇಎಸ್ಐ ಮಿತಿ ದಾಟಿದ ಸಂಬಳವಿರುವ ಸಣ್ಣ ಸಂಸ್ಥೆಗಳ ಕಷ್ಟ ನಿಜವಾದದ್ದು. ಹತ್ತು ಹನ್ನೆರಡು ಜನರ ಕಚೇರಿಯಲ್ಲಿ 26 ವಾರಗಳ ಪೂರ್ಣ ಸಂಬಳ ಮಾಲೀಕನೊಬ್ಬನ ತಲೆಯ ಮೇಲೆ ಬೀಳುತ್ತದೆ. ಇದಕ್ಕೆ ಮದ್ದು ಆ ಹೊರೆಯನ್ನು ಸಮಾಜ ಹಂಚಿಕೊಳ್ಳುವುದು. ಹೆರಿಗೆ ಸೌಲಭ್ಯದ ಹಣ ಸಾಮಾಜಿಕ ವಿಮೆಯಿಂದ ಅಥವಾ ಸಾರ್ವಜನಿಕ ನಿಧಿಯಿಂದ ಬರಬೇಕು ಎಂಬುದೇ 183ನೇ ಒಡಂಬಡಿಕೆಯ ತತ್ವ. ಸರ್ಕಾರದ ಮುಂದೆ ಆ ಬೇಡಿಕೆ ಇಡಿ, ನಾವೂ ನಿಮ್ಮ ಜೊತೆ ನಿಲ್ಲುತ್ತೇವೆ. ಅದನ್ನು ಬಿಟ್ಟು ಹೆಂಗಸರನ್ನೇ ಕೈಬಿಡುತ್ತೇವೆ ಎನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ವರ್ಷಗಟ್ಟಲೆ ಕೆಲಸ ಕಲಿತು ಪಳಗಿದವಳನ್ನು ಕಳೆದುಕೊಂಡು ಹೊಸಬರಿಗೆ ತರಬೇತಿ ಕೊಡುವ ವೆಚ್ಚವನ್ನು ಈ ವಾದ ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂರು: ಗುತ್ತಿಗೆಯವರಿಗೆ, ದಿನಗೂಲಿಯವರಿಗೆ ಇದೆಲ್ಲ ಅನ್ವಯಿಸದು.

ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಇತ್ಯರ್ಥಪಡಿಸಿ ಕಾಲು ಶತಮಾನವಾಯಿತು. ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಕಾರ್ಮಿಕರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಅದು 2000ದಲ್ಲೇ ತೀರ್ಪು ಕೊಟ್ಟಿತು. ಮುಂದೆ ದೆಹಲಿಯ ಆಸ್ಪತ್ರೆಯೊಂದು, ಗುತ್ತಿಗೆ ಮುಗಿಯಿತೆಂದು ವೈದ್ಯೆಯೊಬ್ಬರಿಗೆ ಬರೀ ಹನ್ನೊಂದು ದಿನದ ರಜೆ ಕೊಟ್ಟು ಕೈತೊಳೆದುಕೊಂಡಿತ್ತು. 2023ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ, ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಲೇಬೇಕು ಎಂದಿತು.

ನಾಲ್ಕು: ಆರು ತಿಂಗಳು ಕೆಲಸವೇ ಮಾಡದವಳಿಗೆ ಬಡ್ತಿ, ಇನ್‌ಕ್ರಿಮೆಂಟ್ ಯಾಕೆ?

ಮಾಡಿದ ಆರು ತಿಂಗಳ ಕೆಲಸವನ್ನು ಅಳೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಅಪ್ರೈಸಲ್‌ನಲ್ಲಿ ನಡೆಯುವುದು ಬೇರೆ: ರಜೆಯ ತಿಂಗಳುಗಳಿಗೆ ಸೊನ್ನೆ ಹಾಕಿ, ಅದರ ಆಧಾರದ ಮೇಲೆ ಕೆಳಗಿನ ರೇಟಿಂಗ್ ಕೊಡಲಾಗುತ್ತದೆ. ಗ್ರಾಚ್ಯುಟಿಯ ಲೆಕ್ಕದಲ್ಲಿ 26 ವಾರಗಳವರೆಗಿನ ಹೆರಿಗೆ ರಜೆ ನಿರಂತರ ಸೇವೆಯೇ. ಕಾನೂನು ಸೇವೆಯೆಂದು ಎಣಿಸುವ ಕಾಲವನ್ನು ಕಂಪನಿ ಸೋಮಾರಿತನವೆಂದು ಎಣಿಸುವುದು ಯಾವ ನ್ಯಾಯ?

ಐದು: ಬಂದ ಮೇಲೂ ಹಾಲೂಡಿಸುವ ಬಿಡುವು, ಕ್ರೆಶ್ ಎಂದು ಕೆಲಸ ಕೆಡುತ್ತದೆ.

ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ತಾಯಿಗೆ ಸಲ್ಲುತ್ತದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷದವರೆಗಾದರೂ ಎದೆಹಾಲು ಮುಂದುವರಿಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ರಜೆ ಮುಗಿದ ದಿನಕ್ಕೆ ಮಗುವಿನ ಅಗತ್ಯ ಮುಗಿಯುವುದಿಲ್ಲ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ನಮ್ಮ ಗ್ರಾಮ ಪಂಚಾಯಿತಿಗಳು ‘ಕೂಸಿನ ಮನೆ’ ತೆರೆದಿವೆ. ಹಳ್ಳಿಯ ಪಂಚಾಯಿತಿಗೆ ಸಾಧ್ಯವಾದದ್ದು ಗಾಜಿನ ಕಟ್ಟಡದ ಕಂಪನಿಗೆ ಅಸಾಧ್ಯವೆಂದರೆ ನಂಬುವುದು ಹೇಗೆ?

ಆರು: ನಾವು ಯಾರನ್ನೂ ಕಳಿಸಿಲ್ಲ. ಅವಳೇ ರಾಜೀನಾಮೆ ಕೊಟ್ಟಳು.

ಕಾಗದದಲ್ಲಿ ಹಾಗೇ ಇರುತ್ತದೆ. ಆದರೆ ಆ ಕಾಗದಕ್ಕೆ ಮುಂಚೆ ಏನಾಯಿತು? ಹಸುಗೂಸಿನ ತಾಯಿಗೆ ದೂರದ ಶಾಖೆಗೆ ವರ್ಗ, ಪಾಳಿಯ ಬದಲಾವಣೆ, ಮುಟ್ಟಲಾಗದ ಟಾರ್ಗೆಟ್. ಹೀಗೆ ಒತ್ತಿ ಬರೆಸಿಕೊಂಡದ್ದು ರಾಜೀನಾಮೆಯಲ್ಲ, ವಜಾ. ರಾಜೀನಾಮೆ ಬರೆಸಿ, ಕೆಲವು ತಿಂಗಳ ಮೇಲೆ ಹೊಸಬಳೆಂದು ಸೇರಿಸಿಕೊಂಡರೂ ಉಪಕಾರವಾಗುವುದಿಲ್ಲ. ಅವಳ ಸೇವೆ ಮುರಿಯುತ್ತದೆ, ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ.

ಈ ಸ್ಥಿತಿಯಲ್ಲಿರುವ ಹೆಣ್ಣುಮಕ್ಕಳಿಗೆ ನನ್ನ ಮಾತಿಷ್ಟು: ಒತ್ತಾಯಕ್ಕೆ ರಾಜೀನಾಮೆ ಬರೆಯಬೇಡಿ. ಕೆಲಸಕ್ಕೆ ಮರಳುವ ದಿನಾಂಕವನ್ನು ಬರವಣಿಗೆಯಲ್ಲಿ ತಿಳಿಸಿ, ಕೊಟ್ಟ ಕೆಲಸವನ್ನೂ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಹೆರಿಗೆಯ ಗೈರಿನ ಕಾರಣಕ್ಕೆ ವಜಾ ಮಾಡಿದರೆ, ಆದೇಶ ತಿಳಿದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗಿದೆ. ಸರ್ಕಾರಕ್ಕೆ ನಮ್ಮ ಬೇಡಿಕೆ ಎರಡೇ: ಅದೇ ಅಥವಾ ಸಮಾನ ಹುದ್ದೆಗೆ ಮರಳುವ ಹಕ್ಕನ್ನು ಸಂಹಿತೆಯಲ್ಲಿ ಬಿಡಿಸಿ ಬರೆಯಿರಿ, ಸಣ್ಣ ಸಂಸ್ಥೆಗಳ ಹೊರೆಯನ್ನು ವಿಮೆಯ ಮೂಲಕ ಹಂಚಿಕೊಳ್ಳಿ. ಇವೆರಡೂ ಆಗದೆ ರಜೆಯನ್ನು 26ರಿಂದ ಎಷ್ಟು ವಾರಕ್ಕೆ ಏರಿಸಿದರೂ, ಹೆಣ್ಣಿಗೆ ಸಿಗುವುದು ಕೆಲಸ ಬಿಡಲು ಇನ್ನಷ್ಟು ದೀರ್ಘ ಗಡುವು ಮಾತ್ರ.