ಬಣ್ಣ ಹೇಳಿದರೆ ಸಾಲದು, ಬಾಯಿಬಿಟ್ಟು ಬರೀರಿ

ಮೂರನೇ ಸೆಮ್‌ನ ಮಿನಿ ಪ್ರಾಜೆಕ್ಟ್ ರಿಪೋರ್ಟನ್ನು ನಾವು ನಾಲ್ಕು ಜನ ಸೇರಿ ಲೇಟೆಕ್‌ನಲ್ಲಿ ಮಾಡಿದೆವು. ವರ್ಡ್‌ನಲ್ಲಿ ಮಾಡಿದವರ ಮುಂದೆ ಸ್ವಲ್ಪ ಜಂಬವೂ ಇತ್ತು ಅನ್ನಿ. ರಿಸಲ್ಟ್ ಟೇಬಲಿನಲ್ಲಿ ಪಾಸಾದ ಟೆಸ್ಟುಗಳ ಹಿಂದೆ ತಿಳಿ ಹಸಿರು, ಫೇಲಾದವುಗಳ ಹಿಂದೆ ತಿಳಿ ಕೆಂಪು. ಸ್ಕ್ರೀನಿನ ಮೇಲೆ ಸೂಪರಾಗಿ ಕಾಣ್ತಿತ್ತು. ದುಡ್ಡು ಉಳಿಯಲಿ ಅಂತ ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ವೈವಾಗೆ ಹೋದೆವು. ಗೈಡ್ ಸರ್ ಆ ಪುಟ ತೆಗೆದು, "ಇದರಲ್ಲಿ ಪಾಸ್ ಯಾವುದು, ಫೇಲ್ ಯಾವುದಪ್ಪಾ?" ಅಂದರು. ನಾಲ್ಕೂ ಜನ ಬಗ್ಗಿ ನೋಡಿದೆವು. ಇಡೀ ಟೇಬಲ್ ಒಂದೇ ಬೂದಿ ಬಣ್ಣ. ಬಾಯಿಪಾಠ ಹೇಳೋಣ ಅಂದರೆ ಯಾರಿಗೂ ನೆನಪಿಲ್ಲ. ಮಾರ್ಕ್ಸ್ ಹೋಯಿತು.

ರೂಮಿನಿಂದ ಹೊರಗೆ ಬಂದಮೇಲೆ ನಮ್ಮಲ್ಲೊಬ್ಬ ಮೆಲ್ಲಗೆ ಹೇಳಿದ: "ನಂಗೆ ಲ್ಯಾಪ್‌ಟಾಪಲ್ಲೂ ಅದು ಹಾಗೇ ಕಾಣ್ತಿತ್ತು ಕಣ್ರೋ." ಅವನಿಗೆ ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ. ಆ ಟೇಬಲನ್ನು ಚೆಕ್ ಮಾಡೋಕೆ ಕೊಟ್ಟಿದ್ದು ಅವನಿಗೇ! ಯಾಕೋ ಹೇಳಲಿಲ್ಲ ಅಂದರೆ, "ನೀವೆಲ್ಲ ಚೆನ್ನಾಗಿದೆ ಅಂತಿದ್ರಿ" ಅಂದ. ಮಾರ್ಕ್ಸ್ ಹೋಗಿದ್ದಕ್ಕಿಂತ ಈ ಮಾತೇ ನಮಗೆ ಜಾಸ್ತಿ ಚುಚ್ಚಿತು.

ತಪ್ಪು ಪ್ರಿಂಟರಿನದಲ್ಲ. ಲೆಕ್ಕ ಹಾಕಿ ನೋಡಿ. ಎಕ್ಸ್‌ಕಲರ್ ಪ್ಯಾಕೇಜಿನಲ್ಲಿ 'ರೆಡ್' ಪಕ್ಕ ಆಶ್ಚರ್ಯಸೂಚಕ ಹಾಕಿ 20 ಅಂತ ಬರೆದರೆ, 20 ಪಾಲು ಕೆಂಪಿಗೆ 80 ಪಾಲು ಬಿಳಿ ಬೆರೆಯುತ್ತದೆ. ಅದೇ ಪ್ಯಾಕೇಜು ಬಣ್ಣವನ್ನು ಬೂದಿಗೆ ಇಳಿಸುವಾಗ ಕೆಂಪಿಗೆ 0.3, ಹಸಿರಿಗೆ 0.59, ನೀಲಿಗೆ 0.11 ತೂಕ ಕೊಡುತ್ತದೆ. ಕಪ್ಪಿಗೆ 0, ಬಿಳಿಗೆ 100 ಅಂತಿಟ್ಟುಕೊಂಡರೆ ನಮ್ಮ ತಿಳಿ ಕೆಂಪು 86, ತಿಳಿ ಹಸಿರು ಸುಮಾರು 92. ಇಷ್ಟು ಸಣ್ಣ ವ್ಯತ್ಯಾಸ ಜೆರಾಕ್ಸಿನಲ್ಲಿ ಎಲ್ಲಿ ಕಾಣಬೇಕು? ಹಾಗಾದರೆ ಗಾಢ ಬಣ್ಣ ಹಾಕೋಣ ಅಂತೀರಾ? ಪೂರ್ತಿ ಕೆಂಪು 30, ಪೂರ್ತಿ ಹಸಿರು 59. ಈಗ ಬೇರೆ ಬೇರೆ ಅಂತೇನೋ ಗೊತ್ತಾಗುತ್ತೆ, ಆದರೆ 30ರ ಕತ್ತಲಲ್ಲಿ ಕಪ್ಪು ಅಂಕಿಗಳು ಮುಳುಗಿಹೋಗುತ್ತವೆ. ಅದೂ ಅಲ್ಲದೆ, ಎರಡು ಬೂದಿಗಳಲ್ಲಿ ಪಾಸ್ ಯಾವುದು ಅಂತ ಯಾರು ಹೇಳೋರು? ಅಂದರೆ ಬಣ್ಣ ಒಂದನ್ನೇ ನಂಬಿದರೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಬಣ್ಣವೇ ಬೇಡ ಅನ್ನೋದು ನಮ್ಮ ವಾದ ಅಲ್ಲ. ಕೋಡ್ ಇರುವ ಭಾಗದ ಹಿಂದೆ ತೆಳು ಬೂದಿ ಇದ್ದರೆ ಕಣ್ಣಿಗೆ ಹಿತ. ಆದರೆ ಒಂದು ಕಮಾಂಡ್ ಹಾಕಿದರೆ ಬಣ್ಣ ಬರುತ್ತೆ ಅನ್ನೋ ಕಾರಣಕ್ಕೆ ನಾವು ಎಲ್ಲೆಂದರಲ್ಲಿ ಬಳಿಯುತ್ತೇವೆ. ನೋಟ್ಸ್‌ನಲ್ಲೂ ಅಷ್ಟೇ: ಪುಟ ಪೂರ್ತಿ ಹಳದಿ ಮಾಡಿದರೆ ಯಾವುದು ಮುಖ್ಯ? ಯಾವುದು ಮುಖ್ಯ ಅಂತ ನಮಗೇ ಗೊತ್ತಿಲ್ಲದಾಗ ಹೈಲೈಟರ್ ಜಾಸ್ತಿ ಓಡುತ್ತೆ, ಒಪ್ಪಿಕೊಳ್ಳಿ.

ಹೊಸದಾಗಿ ಲೇಟೆಕ್ ಹಿಡಿದ ಜೂನಿಯರ್‌ಗಳಿಗೆ ಒಂದೆರಡು ಮಾತು. ಒಂದೆರಡು ಪದದ ಹಿಂದೆ ಬಣ್ಣ ಬೇಕಾದರೆ ಕಲರ್‌ಬಾಕ್ಸ್ ಕಮಾಂಡ್ ಸಾಕು. ಇಡೀ ವಾಕ್ಯವನ್ನು ಅದರೊಳಗೆ ತುರುಕಬೇಡಿ. ಅದು ಒಡೆಯದ ಡಬ್ಬಿ. ಸಾಲು ಮುಗಿದರೂ ಕೆಳಗಿಳಿಯದೆ ಮಾರ್ಜಿನ್ ದಾಟಿ ಓಡುತ್ತೆ. ಇಂಗ್ಲಿಷ್ ವಾಕ್ಯಕ್ಕೆ ಸೋಲ್ ಪ್ಯಾಕೇಜಿನ ಹೈಲೈಟ್ ಕಮಾಂಡ್ ಇದೆ, ಅದು ಸಾಲಿನಿಂದ ಸಾಲಿಗೆ ಇಳಿಯುತ್ತೆ. ಕಲರ್ ಪ್ಯಾಕೇಜ್ ಹಾಕೋದು ಮರೆತರೆ ಬಣ್ಣದ ಬದಲು ಬರೀ ಅಡಿಗೆರೆ ಬರುತ್ತೆ, ಗಾಬರಿ ಆಗಬೇಡಿ. ಪ್ಯಾರಾಗಟ್ಟಲೆ ಇದ್ದರೆ ಟಿಕಲರ್‌ಬಾಕ್ಸ್. ಅದಕ್ಕೆ 'ಬ್ರೇಕಬಲ್' ಆಪ್ಷನ್ ಕೊಟ್ಟರೆ ಪುಟವನ್ನೂ ದಾಟುತ್ತೆ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕು ಅನ್ನೋದು ವೆಬ್ ಪುಟಗಳಿಗಿರುವ ಮಾನದಂಡ. ರಿಪೋರ್ಟಿಗೂ ಅದನ್ನೇ ಇಟ್ಟುಕೊಂಡರೆ ನಷ್ಟ ಇಲ್ಲ. ಹಳದಿ ಮೇಲೆ ಬಿಳಿ ಅಕ್ಷರ ಹಾಕಿದರೆ ಅದು 1.07ಕ್ಕೆ 1, ಅಂದರೆ ಹೆಚ್ಚುಕಮ್ಮಿ ಖಾಲಿ ಹಾಳೆ.

ಇದೆಲ್ಲಕ್ಕಿಂತ ಮುಖ್ಯವಾದ ರೂಲ್ ಒಂದೇ. ಬಣ್ಣ ತೆಗೆದುಹಾಕಿದರೂ ಅರ್ಥ ಉಳಿಯಬೇಕು. ನಾವೀಗ ಟೇಬಲಿಗೆ ಇನ್ನೊಂದು ಕಾಲಂ ಸೇರಿಸಿ 'ಪಾಸ್', 'ಫೇಲ್' ಅಂತ ಬರೀತೀವಿ. ಸಬ್ಮಿಟ್ ಮಾಡೋ ಮೊದಲು ಒಂದು ಪುಟ ಜೆರಾಕ್ಸ್ ಮಾಡಿಸಿ ನಮ್ಮ ಗೆಳೆಯನ ಕೈಗೆ ಕೊಡ್ತೀವಿ. ಈಗ ಅವನು ಸುಮ್ಮನೆ ತಲೆ ಆಡಿಸಲ್ಲ. "ಇದು ಕಾಣ್ತಿಲ್ಲ, ಬದಲಾಯಿಸ್ರೋ" ಅಂತಾನೆ. ನಾವು ಬದಲಾಯಿಸ್ತೀವಿ. ನಿಮ್ಮ ಟೀಮಲ್ಲೂ ಒಮ್ಮೆ ಕೇಳಿ ನೋಡಿ.